ಆಗುಂಬೆ ಮಳೆಕಾಡಿನಲ್ಲಿ ಒಂದು ದಿನ: ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡ

ಆಗುಂಬೆಗೆ ಹೋಗಿ ಬಂದವರ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಕಾಡೇನೋ ಚೆನ್ನಾಗಿತ್ತು, ಆದ್ರೆ ಏನೂ ಕಾಣ್ಲಿಲ್ಲ. ಉಂಬಳ ಮಾತ್ರ ಸಿಕ್ಕಾಪಟ್ಟೆ." (ಉಂಬಳ ಅಂದರೆ ರಕ್ತ ಹೀರುವ ಜಿಗಣೆ.) ಯಾವಾಗ ತಲುಪಿದಿರಿ ಅಂತ ಕೇಳಿದರೆ ಹನ್ನೊಂದು ಗಂಟೆ ಅನ್ನುತ್ತಾರೆ. ಆಮೇಲೆ ಜೋಗಿಗುಂಡಿ ಜಲಪಾತ, ಊಟ, ಒನಕೆ ಅಬ್ಬಿ ಜಲಪಾತದ ಕಡೆ ಅರ್ಧ ದಾರಿ, ಮಳೆ, ವಾಪಸ್, ಸೂರ್ಯಾಸ್ತದ ಜಾಗದಲ್ಲಿ ಮಂಜು. ದಿನ ಮುಗಿಯಿತು.

ಇಲ್ಲಿ ಕಾಡಿನದೇನೂ ತಪ್ಪಿಲ್ಲ. ಕೆಲಸಗಳ ಸರದಿ ತಪ್ಪಿದೆ. ಮಳೆಕಾಡನ್ನು ನೋಡಬೇಕಾದ ಹೊತ್ತಿನಲ್ಲಿ ಬಸ್ಸಿನಲ್ಲಿ ಕೂತು, ಕಾಡಿನಿಂದ ಹೊರಗೆ ಬರಬೇಕಾದ ಹೊತ್ತಿನಲ್ಲಿ ಒಳಗೆ ಹೋದರೆ ಹೀಗೇ ಆಗುವುದು. ಹಾಗಾಗಿ ಯಾವ ತಿಂಗಳು ಹೋಗಬೇಕು ಅನ್ನುವುದರಿಂದ ಹಿಡಿದು, ಮನೆಗೆ ಬಂದ ಮೇಲೆ ಏನನ್ನು ಗಮನಿಸಬೇಕು ಅನ್ನುವವರೆಗೆ ಎಲ್ಲವನ್ನೂ ಸರದಿ ಪ್ರಕಾರ ಬರೆದಿದ್ದೇನೆ. ಸರದಿ ಬದಲಿಸಬೇಡಿ.

## 1. ಮೊದಲು ತಿಂಗಳು ಗೊತ್ತುಮಾಡಿ

ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಘಟ್ಟದ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ. ಅರಬ್ಬಿ ಸಮುದ್ರದಿಂದ ಬರುವ ಹಸಿ ಗಾಳಿ ಕರಾವಳಿಯ ಬಯಲು ದಾಟಿ ನೇರವಾಗಿ ಈ ಗೋಡೆಗೆ ಬಡಿದು ಮೇಲೇರುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಮೊದಲ ಸಲ ಹೋಗುವವರಿಗೆ ಈ ನಾಲ್ಕು ತಿಂಗಳು ಬೇಡ. ದಾರಿ ಕಾಣುವುದಿಲ್ಲ, ಹಳ್ಳ ದಾಟಲಾಗುವುದಿಲ್ಲ, ಜಲಪಾತದ ಕಡೆ ಬಿಡುವುದೂ ಇಲ್ಲ.

ನನ್ನನ್ನು ಕೇಳಿದರೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗೆ ಒಳ್ಳೆಯ ಕಾಲ. ಹಳ್ಳಗಳಲ್ಲಿ ನೀರಿರುತ್ತದೆ, ಕಪ್ಪೆಗಳು ಇನ್ನೂ ಕೂಗುತ್ತಿರುತ್ತವೆ, ಬೆಳಿಗ್ಗೆ ಬಿಸಿಲು ಸಿಗುತ್ತದೆ. ಉಂಬಳ ಇರುತ್ತದೆ, ಆದರೆ ಜುಲೈನಷ್ಟಲ್ಲ. ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ ಬರುವುದುಂಟು. ಅದಕ್ಕೇ ಬೆಳಗಿನ ಹೊತ್ತನ್ನು ಹಾಳುಮಾಡಬಾರದು.

ಡಿಸೆಂಬರ್‌ನಿಂದ ಮೇ ತನಕ ಇನ್ನೊಂದು ಲೆಕ್ಕವಿದೆ. ಉಂಬಳ ಕಡಿಮೆಯಾಗುತ್ತದೆ, ಆದರೆ ಉಣುಗು (ಉಣ್ಣೆ) ಜಾಸ್ತಿಯಾಗುತ್ತದೆ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಕಾಣಿಸಿಕೊಳ್ಳುವುದೂ ಮುಖ್ಯವಾಗಿ ಇದೇ ತಿಂಗಳುಗಳಲ್ಲಿ. ಹೋಗಲೇಬಾರದು ಅಂತಲ್ಲ. ಹೊರಡುವ ವಾರ ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಉಳಿಯುವ ಮನೆಯವರಿಗೋ ಫೋನ್ ಮಾಡಿ, "ಈ ಸಲ ಮಂಗ ಸತ್ತಿದ್ದು, ಜ್ವರ ಬಂದಿದ್ದು ಇದೆಯಾ?" ಅಂತ ಕೇಳಿ. ಇದೆ ಅಂದರೆ ಆ ಸೀಸನ್‌ಗೆ ಬೇರೆ ಊರು ನೋಡಿಕೊಳ್ಳಿ.

## 2. ಅನುಮತಿ ಕೈಗೆ ಬಂದ ಮೇಲೆ ರೂಮು

ಹೆಚ್ಚಿನವರು ಮಾಡುವುದು ಉಲ್ಟಾ. ರೂಮು ಬುಕ್ ಮಾಡಿ, ರಜೆ ಹಾಕಿ, ಬಂದಮೇಲೆ ಗೇಟಿನ ಹತ್ತಿರ ನಿಂತು ಜಗಳ. ಇಲ್ಲಿನ ಕಾಡು ಮೀಸಲು ಅರಣ್ಯ. ಘಾಟಿಯ ಕೆಳಗೆ ಉಡುಪಿ ಜಿಲ್ಲೆಯ ಕಡೆ ಸೋಮೇಶ್ವರ ವನ್ಯಜೀವಿ ಧಾಮ ಶುರುವಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಧಾಮದ ಒಳಗೆ ಅನುಮತಿ ಇಲ್ಲದೆ ಕಾಲಿಡುವುದೇ ಅಪರಾಧ. ಕಾಲುದಾರಿ ಕಾಣುತ್ತಿದೆ ಅಂದಮಾತ್ರಕ್ಕೆ ಹೋಗಬಹುದು ಅಂತಲ್ಲ.

ಸರದಿ ಹೀಗಿರಲಿ. ಮೊದಲು ಆಗುಂಬೆಯ ಅರಣ್ಯ ಇಲಾಖೆ ಕಚೇರಿಗೆ ಫೋನ್ ಮಾಡಿ, ಆ ವಾರ ಯಾವ ದಾರಿ ತೆರೆದಿದೆ ಅಂತ ಕೇಳಿ. ಬರ್ಕಣ, ಒನಕೆ ಅಬ್ಬಿ, ನರಸಿಂಹ ಪರ್ವತ, ಒಂದೊಂದಕ್ಕೂ ಬೇರೆ ಬೇರೆ ಉತ್ತರ ಸಿಗಬಹುದು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಹಳ್ಳದ ಭಯಕ್ಕೆ ಚಾರಣ ನಿಲ್ಲಿಸುವುದುಂಟು. ರಾಜ್ಯದ ಹಲವು ಚಾರಣ ದಾರಿಗಳಿಗೆ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಬುಕಿಂಗ್ ಇದೆ. ನಿಮ್ಮ ದಾರಿ ಅದರಲ್ಲಿದ್ದರೆ ಅಲ್ಲೇ ಮಾಡಿ, ರಸೀದಿಯನ್ನು ಕಾಗದದ ಮೇಲೆ ಪ್ರಿಂಟ್ ತೆಗೆದುಕೊಳ್ಳಿ. ಗೇಟಿನ ಹತ್ತಿರ ನೆಟ್‌ವರ್ಕ್ ಸಿಗುತ್ತದೆ ಅಂತ ನಂಬಬೇಡಿ.

ಗೈಡ್ ಬೇಕೇಬೇಕು. ದುಡ್ಡು ಉಳಿಸಲು ಜನ ಮೊದಲು ಕೈಬಿಡುವುದು ಇದನ್ನೇ. ದಾರಿ ತೋರಿಸುವುದು ಅವರ ಕೆಲಸದ ಸಣ್ಣ ಭಾಗ ಅಷ್ಟೆ. ಯಾವ ಗೋಳಿಮರ ಈಗ ಹಣ್ಣು ಬಿಟ್ಟಿದೆ, ನಿನ್ನೆ ಕಾಟಿ (ಕಾಡುಕೋಣ) ಎಲ್ಲಿ ಮೇಯುತ್ತಿತ್ತು, ಯಾವ ಹಳ್ಳದ ನೀರು ಬೇಗ ಏರುತ್ತದೆ, ಇದೆಲ್ಲ ಅವರಿಗೆ ಗೊತ್ತು. ಅವರು "ಇವತ್ತು ಬೇಡ ಸಾರ್, ಈ ಕಡೆ ಹೋಗೋಣ" ಅಂದರೆ ಮರುಮಾತಿಲ್ಲದೆ ಆ ಕಡೆ ಹೋಗಿ.

## 3. ಚೀಲಕ್ಕೆ ಏನು ಹಾಕಬೇಕು

ಜೀನ್ಸ್ ಬೇಡ. ಒಮ್ಮೆ ಒದ್ದೆಯಾದರೆ ದಿನವಿಡೀ ಒಣಗುವುದಿಲ್ಲ, ತೊಡೆ ಉಜ್ಜಿ ಗಾಯವಾಗುತ್ತದೆ. ತೆಳುವಾದ, ಬೇಗ ಒಣಗುವ ಉದ್ದ ಪ್ಯಾಂಟು, ತುಂಬುತೋಳಿನ ಅಂಗಿ ಸಾಕು. ಬಣ್ಣ ತಿಳಿಯಾಗಿರಲಿ: ತಿಳಿ ಖಾಕಿ, ತಿಳಿ ಬೂದು. ಕಪ್ಪು ಪ್ಯಾಂಟಿನ ಮೇಲೆ ಉಂಬಳ, ಉಣುಗು ಹತ್ತಿದರೆ ಕಾಣುವುದೇ ಇಲ್ಲ.

ಕಾಲಿಗೆ ಆಳವಾದ ಹಲ್ಲಿರುವ ರಬ್ಬರ್ ಸೋಲಿನ ಶೂ. ಊರಿನವರು ತೋಟಕ್ಕೆ ಹಾಕುವ ಗಂಬೂಟು ಕೆಸರಿಗೆ ಚೆನ್ನ, ಪಾಚಿಬಂಡೆ ಇಳಿಯಲು ಚೆನ್ನಲ್ಲ. ಹೊಸ ಶೂ ತಂದು ಅವತ್ತೇ ಹಾಕಬೇಡಿ.

ಉಂಬಳದ ಕಾಲುಚೀಲ ಮುಖ್ಯ. ಒತ್ತಾಗಿ ನೇಯ್ದ ಬಟ್ಟೆಯದು, ಮೊಣಕಾಲಿನವರೆಗೆ ಬರುವಂಥದ್ದು. ಮಾಮೂಲಿ ಹೆಣಿಗೆಯ ಸಾಕ್ಸ್ ಏನೂ ತಡೆಯುವುದಿಲ್ಲ, ಅದರ ಕಣ್ಣಿನಲ್ಲೇ ಉಂಬಳ ತೂರಿಕೊಂಡು ಬರುತ್ತದೆ. ಚಾರಣದ ಸಾಮಾನಿನ ಅಂಗಡಿಯಲ್ಲಿ ಸಿಗದಿದ್ದರೆ ಗಟ್ಟಿ ಹತ್ತಿ ಬಟ್ಟೆ ಕೊಟ್ಟು ದರ್ಜಿಯ ಹತ್ತಿರ ಹೊಲಿಸಿಕೊಳ್ಳಿ.

ಛತ್ರಿಯನ್ನು ಜನ ಕಡೆಗಣಿಸುತ್ತಾರೆ. ಕಾನಿನ ಒಳಗೆ ಗಾಳಿ ಇರುವುದಿಲ್ಲ, ರೈನ್‌ಕೋಟಿನೊಳಗೆ ಬೆವರಿ ಬೆವರಿಯೇ ಒದ್ದೆಯಾಗುತ್ತೀರಿ. ಅಲ್ಲಿ ಛತ್ರಿಯೇ ವಾಸಿ. ಬಯಲು ಬಂಡೆಯ ಮೇಲೆ ಮಾತ್ರ ರೈನ್‌ಕೋಟ್ ಬೇಕು. ಎರಡನ್ನೂ ಇಟ್ಟುಕೊಳ್ಳಿ.

ಉಳಿದಂತೆ: ಎದೆಮಟ್ಟದ ಒಂದು ಕೋಲು, ಟಾರ್ಚು, ಚಿಮಟ, ಹತ್ತಿ ಮತ್ತು ಬ್ಯಾಂಡೇಜು, ಒಂದು ಜೊತೆ ಒಣಬಟ್ಟೆ, ಫೋನಿಗೆ ನೀರು ಹೋಗದ ಚೀಲ, ಮೊದಲೇ ಇಳಿಸಿಕೊಂಡ ನಕ್ಷೆ, ಕೈಯಲ್ಲಿ ಸ್ವಲ್ಪ ನಗದು. ಸೆಂಟು ಬೇಡ. ಬ್ಲೂಟೂತ್ ಸ್ಪೀಕರ್ ಬೇಡ. ಡ್ರೋನ್ ಅಂತೂ ಅನುಮತಿ ಇಲ್ಲದೆ ಹಾರಿಸುವ ಹಾಗೇ ಇಲ್ಲ.

ತಿನ್ನಲು ಪ್ಲಾಸ್ಟಿಕ್ ಪೊಟ್ಟಣದ ತಿಂಡಿ ಬಿಟ್ಟು ಬಾಳೆಎಲೆಯಲ್ಲಿ ಕಟ್ಟಿದ ಚಿತ್ರಾನ್ನವೋ ಅವಲಕ್ಕಿಯೋ ಒಯ್ಯಿರಿ. ಉಳಿಯುವ ಮನೆಯವರಿಗೆ ಹಿಂದಿನ ರಾತ್ರಿಯೇ ಹೇಳಿದರೆ ಮಾಡಿಕೊಡುತ್ತಾರೆ.

## 4. ಹಿಂದಿನ ರಾತ್ರಿಯೇ ಬಂದು ಮಲಗಿ

ಶಿವಮೊಗ್ಗದಿಂದ ಆಗುಂಬೆಗೆ ತೀರ್ಥಹಳ್ಳಿ ಮೇಲೆ ಸುಮಾರು 95 ಕಿಲೋಮೀಟರ್. ಬಸ್ಸಾದರೆ ಎರಡೂವರೆ ಮೂರು ಗಂಟೆ ಹಿಡಿಯುತ್ತದೆ. ಬೆಂಗಳೂರಿನಿಂದ ರಾತ್ರಿ ರೈಲಿಗೆ ಶಿವಮೊಗ್ಗಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದರೆ ಕಾಡು ಮುಟ್ಟುವಾಗ ಹಕ್ಕಿಗಳ ಹೊತ್ತು ಮುಗಿದಿರುತ್ತದೆ. ಆಗುಂಬೆಯಲ್ಲೋ, ತೀರ್ಥಹಳ್ಳಿಯಲ್ಲೋ, ಶೃಂಗೇರಿಯಲ್ಲೋ ಹಿಂದಿನ ರಾತ್ರಿ ಉಳಿಯಿರಿ. ಗಾಡಿಗೆ ತೀರ್ಥಹಳ್ಳಿಯಲ್ಲೇ ಎಣ್ಣೆ ಹಾಕಿಸಿ.

ರಾತ್ರಿ ಒಂದು ಕೆಲಸ ಬಾಕಿ ಇದೆ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸ್, ಗೈಡ್ ಯಾರು ಅಂತ ಮನೆಯವರಿಗೆ ಹೇಳಿಡಿ. ಕಾಡಿನೊಳಗೆ ಫೋನ್ ಸತ್ತ ಹಾಗೇ.

## 5. ಕಾಲಿನ ತಯಾರಿ: ಉಂಬಳ ಬೇರೆ, ಉಣುಗು ಬೇರೆ

ಇವೆರಡನ್ನೂ ಒಂದೇ ಅಂದುಕೊಂಡು ಒಂದೇ ಔಷಧಿ ಮಾಡುವವರು ಬಹಳ. ಉಂಬಳದಿಂದ ಕಿರಿಕಿರಿ ಅಷ್ಟೆ. ಉಣುಗಿನಿಂದ ಜೀವಕ್ಕೇ ಅಪಾಯ ಬರಬಹುದು. ನಿಧಾನವಾಗಿ ಓದಿ.

ಪ್ಯಾಂಟಿನ ತುದಿಯನ್ನು ಉಂಬಳದ ಕಾಲುಚೀಲದೊಳಗೆ ಸೇರಿಸಿ, ಮೇಲಿನ ದಾರ ಬಿಗಿಯಾಗಿ ಕಟ್ಟಿ. ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ. ಶೂ ಮತ್ತು ಕಾಲುಚೀಲದ ಹೊರಮೈಗೆ ಒಣ ಸೋಪನ್ನು ಉಜ್ಜಿ, ಇಲ್ಲವೇ ಬೇವಿನೆಣ್ಣೆ ಸವರಿ. ನಶ್ಯದ ಪುಡಿ ಹಚ್ಚುವವರೂ ಇದ್ದಾರೆ, ಅದೂ ಕೆಲಸ ಮಾಡುತ್ತದೆ. ಮಳೆಯಲ್ಲಿ ಎಲ್ಲವೂ ತೊಳೆದುಹೋಗುವುದರಿಂದ ಆಗಾಗ ಮತ್ತೆ ಹಚ್ಚಬೇಕು.

ಮಲೆನಾಡಿನ ಹಳೆಯ ಉಪಾಯ ಇವತ್ತಿಗೂ ಎಲ್ಲಕ್ಕಿಂತ ಸುಲಭ. ಹಿಡಿಯಷ್ಟು ಕಲ್ಲುಪ್ಪನ್ನು ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಆ ಗಂಟನ್ನು ಕೋಲಿನ ತುದಿಗೆ ಬಿಗಿಯಿರಿ. ಹೊರಡುವ ಮುಂಚೆ ಒಂದು ಸಲ ನೀರಿಗೆ ಅದ್ದಿ. ಶೂ ಮೇಲೆ ಉಂಬಳ ಹತ್ತುವುದು ಕಂಡರೆ ಗಂಟನ್ನು ಮುಟ್ಟಿಸಿ. ಸುರುಟಿಕೊಂಡು ಕೆಳಗೆ ಬೀಳುತ್ತದೆ. ಬಗ್ಗುವುದೂ ಬೇಡ, ಕೈ ಹಾಕುವುದೂ ಬೇಡ. ಆದರೆ ಉಪ್ಪನ್ನು ನೆಲಕ್ಕೆ ಎರಚಬೇಡಿ. ಇಲ್ಲಿನ ಕಪ್ಪೆಗಳು ಚರ್ಮದಿಂದಲೇ ನೀರು ಎಳೆದುಕೊಳ್ಳುವಂಥವು, ಅವಕ್ಕೆ ಉಪ್ಪು ವಿಷ.

ಉಂಬಳ ಆಗಲೇ ಕಚ್ಚಿದ್ದರೆ? ಗಾಬರಿಯಿಂದ ಕಿತ್ತೆಳೆಯಬೇಡಿ. ಅದರ ಸಪೂರ ತುದಿ ಬಾಯಿ. ಅಲ್ಲಿ ಚರ್ಮಕ್ಕೆ ಉಗುರು ತಾಗಿಸಿ ಪಕ್ಕಕ್ಕೆ ಜಾರಿಸಿ, ಹಿಡಿತ ಬಿಡುತ್ತದೆ. ಕೂಡಲೇ ಇನ್ನೊಂದು ತುದಿಯನ್ನೂ ಹಾಗೇ ಬಿಡಿಸಿ. ಕಚ್ಚಿಕೊಂಡಿರುವಾಗ ಉಪ್ಪು ಸುರಿದರೆ, ಬೆಂಕಿ ತಾಗಿಸಿದರೆ ಅದು ಕುಡಿದದ್ದನ್ನು ಗಾಯದೊಳಗೇ ಕಕ್ಕಬಹುದು. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಅದರ ಎಂಜಲಿನಲ್ಲಿದೆ, ಹಾಗಾಗಿ ಬಿಡಿಸಿದ ಮೇಲೂ ರಕ್ತ ಸುಮಾರು ಹೊತ್ತು ಒಸರುತ್ತದೆ. ನೀರಿನಿಂದ ತೊಳೆದು, ಹತ್ತಿ ಒತ್ತಿ ಕಟ್ಟಿದರೆ ಸಾಕು. ಎರಡು ದಿನ ತುರಿಸುತ್ತದೆ, ಕೆರೆಯಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳಿಯೇ ಬನ್ನಿ.

ಈಗ ಉಣುಗು. ಉಣ್ಣೆ ಅಂತಲೂ ಅನ್ನುತ್ತಾರೆ. ಮಂಗನ ಕಾಯಿಲೆಯ ವೈರಸ್ಸನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸೋಂಕಿರುವ ಉಣುಗು ಕಚ್ಚಿದರೆ ಕಾಯಿಲೆ ಬರುತ್ತದೆ. ಮನುಷ್ಯನಿಗೆ ಹೆಚ್ಚಾಗಿ ಹತ್ತುವುದು ಮರಿ ಉಣುಗು, ಎಳ್ಳಿಗಿಂತಲೂ ಚಿಕ್ಕದು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ.

ಡಿಸೆಂಬರ್ ನಂತರ ಹೋಗುವವರು ಬೇವಿನೆಣ್ಣೆಯನ್ನು ನಂಬಿ ಕೂರಬೇಡಿ. ಕಾಯಿಲೆ ಇರುವ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಉಣುಗು ಹತ್ತದ ಹಾಗೆ ತಡೆಯುವ ಡೆಪಾ ಎಣ್ಣೆ ಕೊಡುತ್ತಾರೆ. ಆಶಾ ಕಾರ್ಯಕರ್ತೆಯರ ಹತ್ತಿರವೋ ಆರೋಗ್ಯ ಕೇಂದ್ರದಲ್ಲೋ ಕೇಳಿ. ಕೈಕಾಲಿಗೆ ಹಚ್ಚಿಕೊಂಡು ಹೋಗಿ, ಬಂದಮೇಲೆ ಸೋಪು ಹಾಕಿ ತೊಳೆಯಿರಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ, ಚೀಲವನ್ನೂ ಇಡಬೇಡಿ. ಊಟಕ್ಕೆ ಬೋಳು ಬಂಡೆ ಹುಡುಕಿ.

ಸತ್ತ ಮಂಗ ಕಂಡರೆ, ಅಥವಾ ಕೊಳೆತ ವಾಸನೆ ಬಂದರೆ, ಹತ್ತಿರ ಹೋಗಬೇಡಿ. ಫೋಟೋ ತೆಗೆಯಲೂ ಬೇಡ. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಸುತ್ತಲಿನ ನೆಲಕ್ಕೆ ಇಳಿದಿರುತ್ತವೆ. ಬಂದ ದಾರಿಯಲ್ಲೇ ತಿರುಗಿ ಹೊರಗೆ ಬನ್ನಿ, ಅರಣ್ಯ ಇಲಾಖೆಗೋ ಆರೋಗ್ಯ ಕೇಂದ್ರಕ್ಕೋ ಜಾಗ ತಿಳಿಸಿ. ಅವತ್ತಿನ ನಡಿಗೆ ಅಲ್ಲಿಗೆ ಮುಗಿಯಿತು.

## 6. ಬೆಳಿಗ್ಗೆ ಏಳರಿಂದ ಹತ್ತೂವರೆ: ನಿಜವಾದ ಕಾಡು ನೋಡುವ ಹೊತ್ತು

ಇಡೀ ದಿನದ ಮುಕ್ಕಾಲು ಪಾಲು ಸುಖ ಈ ಮೂರೂವರೆ ಗಂಟೆಯಲ್ಲಿದೆ. ಜಲಪಾತಕ್ಕೆ ಓಡಬೇಡಿ. ದೂರವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕುವುದನ್ನೂ ಬಿಡಿ. ಒಂದೂವರೆ ಕಿಲೋಮೀಟರ್ ನಡೆದರೂ ಸಾಕು.

ಮೊದಲು ಕಾಡಿನ ಅಂಚಿನಲ್ಲೇ ಹತ್ತು ನಿಮಿಷ ನಿಲ್ಲಿ. ಒಳಗಿನ ಕತ್ತಲೆಗೆ ಕಣ್ಣು ಹೊಂದಿಕೊಳ್ಳಬೇಕು, ಮಾತು ನಿಲ್ಲಬೇಕು. ಆಮೇಲೆ ಐವತ್ತು ಹೆಜ್ಜೆ ನಡೆಯಿರಿ, ನಿಲ್ಲಿ, ಎರಡು ಮೂರು ನಿಮಿಷ ಸುಮ್ನೆ ನೋಡಿ. ಮತ್ತೆ ಐವತ್ತು ಹೆಜ್ಜೆ. ನಡೆಯುವಾಗ ನೆಲ ನೋಡಿ, ನಿಂತಾಗ ಮರ ನೋಡಿ. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಬೀಳುತ್ತೀರಿ.

ನೋಡುವುದನ್ನು ಕೆಳಗಿನಿಂದ ಮೇಲಕ್ಕೆ ಅಭ್ಯಾಸ ಮಾಡಿ. ಕಾಲಬುಡದಲ್ಲಿ ತರಗೆಲೆ, ಅದರೊಳಗೆ ಅಣಬೆ, ನೆಲಗಪ್ಪೆ. ಸೊಂಟದ ಎತ್ತರದಲ್ಲಿ ಗುರಿಗೆ ಗಿಡ, ಬೆತ್ತದ ಮುಳ್ಳು. ಹಳ್ಳದ ಪಕ್ಕದ ಪೊದೆಯನ್ನು ಮಾತ್ರ ದೂರದಿಂದಲೇ ನೋಡಿ: ಮಲಬಾರ್ ಪಿಟ್ ವೈಪರ್ ಇಂಥ ಕಡೆ ಕೊಂಬೆಯ ಮೇಲೆ ಗಂಟೆಗಟ್ಟಲೆ ಅಲ್ಲಾಡದೆ ಕೂತಿರುತ್ತದೆ. ಹಸಿರು, ಕಂದು, ಹಳದಿ, ಅದಕ್ಕೆ ಹಲವು ಬಣ್ಣ. ಹಸಿರು ಹಾವನ್ನೇ ಹುಡುಕುತ್ತಿದ್ದರೆ ಕಂದುಬಣ್ಣದ್ದರ ಪಕ್ಕದಲ್ಲೇ ಹಾದುಹೋಗುತ್ತೀರಿ.

ಎದೆಯ ಮಟ್ಟದಿಂದ ಮೇಲೆ ಮರದ ಕಾಂಡ. ದೊಡ್ಡ ಮರಗಳ ಬುಡದಲ್ಲಿ ಹಲಗೆಯಂತೆ ಚಾಚಿದ ಬೇರುಗಳನ್ನು ನೋಡಿ. ಇಲ್ಲಿ ಮೇಲ್ಮಣ್ಣು ತೆಳು, ಬೇರು ಆಳಕ್ಕೆ ಇಳಿಯುವುದಿಲ್ಲ, ಮರ ಅಗಲಕ್ಕೆ ಕಾಲು ಊರಿ ನಿಂತಿರುತ್ತದೆ. ಆ ಬೇರಿನ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳಬೇಡಿ, ಸಿಪ್ಪೆ ಸುಲಿಯುತ್ತದೆ, ಆ ಗಾಯದಲ್ಲಿ ಕೊಳೆ ಹಿಡಿಯುತ್ತದೆ.

ಒಂಬತ್ತು ಗಂಟೆಯ ಮೇಲೆ ಬಿಸಿಲು ಬಿದ್ದ ಕಾಂಡಗಳನ್ನು ಗಮನಿಸಿ. ಹಾರುವ ಓತಿ ಕಾಣುವ ಹೊತ್ತು ಅದು. ತೊಗಟೆಯ ಬಣ್ಣವೇ ಅದರ ಬಣ್ಣ, ಹಾಗಾಗಿ ಓತಿಯನ್ನು ಹುಡುಕಿದರೆ ಸಿಗುವುದಿಲ್ಲ. ಹಳದಿ ಮಿಂಚನ್ನು ಹುಡುಕಿ. ಗಂಡು ಗಂಟಲ ಕೆಳಗಿನ ಹಳದಿ ಚರ್ಮವನ್ನು ಬೀಸಣಿಗೆಯ ಹಾಗೆ ಚಾಚುತ್ತದೆ, ಮಡಚುತ್ತದೆ, ಮತ್ತೆ ಚಾಚುತ್ತದೆ. ಅದು ಕಂಡ ಮೇಲೆ ಅಲ್ಲಾಡಬೇಡಿ. ಸ್ವಲ್ಪ ಹೊತ್ತಿಗೆ ಕಾಂಡದ ಮೇಲೆ ನಾಲ್ಕು ಮಾರು ಏರಿ, ತಲೆಯನ್ನು ಕೆಳಗೆ ಮಾಡಿ, ಪಕ್ಕೆಲುಬಿನ ಚರ್ಮ ಬಿಚ್ಚಿ ಪಕ್ಕದ ಮರಕ್ಕೆ ತೇಲುತ್ತದೆ. ಕಾಡಿನೊಳಗೆ ಕಾಣದಿದ್ದರೆ ಬೇಜಾರು ಬೇಡ, ಕಾಡಂಚಿನ ಅಡಿಕೆ ತೋಟದಲ್ಲಿ ಇನ್ನೂ ಸುಲಭವಾಗಿ ಕಾಣುತ್ತದೆ. ತೋಟದವರನ್ನು ಕೇಳಿ ಒಳಗೆ ಹೋಗಿ.

ತಲೆಯ ಮೇಲಿನದ್ದಕ್ಕೆ ಕಿವಿಯೇ ಆಧಾರ. ಮಂಗಟ್ಟೆ ಹಾರುವಾಗ ರೆಕ್ಕೆಯ ಸದ್ದು ಮೊದಲು ಕೇಳುತ್ತದೆ. ಕೆಂಜಳಿಲು ಗಲಾಟೆ ಮಾಡುತ್ತಿದ್ದರೆ ಆ ಕಡೆ ನೋಡಿ, ಹದ್ದೋ ಹಾವೋ ಇರಬಹುದು. ಹಳ್ಳದ ಕಡೆಯಿಂದ ಹುಡುಗನೊಬ್ಬ ರಾಗ ಮರೆತು ಸಿಳ್ಳೆ ಹಾಕುವುದು ಕೇಳಿದರೆ ಅದು ಸಿಳ್ಳಾರ ಹಕ್ಕಿ. ಹಣ್ಣು ಬಿಟ್ಟ ಗೋಳಿಮರ ಸಿಕ್ಕಿದರೆ ಮುಂದೆ ಹೋಗಲೇಬೇಡಿ. ದೂರದಲ್ಲಿ ಕೂತು ಅಲ್ಲೇ ಒಂದು ಗಂಟೆ ಕಳೆಯಿರಿ, ಕಾಡೇ ನಿಮ್ಮ ಹತ್ತಿರ ಬರುತ್ತದೆ.

ಈ ಹಂತದಲ್ಲಿ ಆಗುವ ದೊಡ್ಡ ತಪ್ಪು ಗುಂಪಿನದು. ನಾಲ್ಕು ಜನರಿಗಿಂತ ಜಾಸ್ತಿ ಇದ್ದರೆ ಎರಡು ಗುಂಪು ಮಾಡಿ, ಎರಡಕ್ಕೂ ಒಬ್ಬೊಬ್ಬ ಗೈಡ್ ಇರಲಿ.

## 7. ಮುಟ್ಟಬಾರದವು, ದಾರಿ ಬಿಡಬೇಕಾದವು

ಕಾಳಿಂಗ ಸರ್ಪದ ಹೆಸರಿಗೆ ಆಗುಂಬೆ ಪ್ರಸಿದ್ಧ. 2005ರಿಂದ ಇಲ್ಲಿನ ಮಳೆಕಾಡು ಸಂಶೋಧನಾ ಕೇಂದ್ರದವರು ಅದರ ಅಧ್ಯಯನ ಮಾಡುತ್ತಿದ್ದಾರೆ. ಅದು ಹೆಚ್ಚಾಗಿ ತಿನ್ನುವುದು ಬೇರೆ ಹಾವುಗಳನ್ನು, ನಿಮ್ಮ ಮೇಲೆ ಅದಕ್ಕೆ ಆಸಕ್ತಿ ಇಲ್ಲ. ಕಂಡರೆ ನಿಂತುಬಿಡಿ, ಆಮೇಲೆ ಮುಖ ತಿರುಗಿಸದೆ ನಿಧಾನವಾಗಿ ಹಿಂದೆ ಸರಿಯಿರಿ. ಬೇಸಿಗೆಯಲ್ಲಿ ತರಗೆಲೆಯ ದೊಡ್ಡ ಗುಡ್ಡೆ ಕಂಡರೆ ಕೋಲಿನಿಂದ ಕೆದಕಬೇಡಿ. ಹೆಣ್ಣು ಕಾಳಿಂಗ ಎಲೆ ಒಟ್ಟಿ ಗೂಡು ಕಟ್ಟಿ ಮೊಟ್ಟೆಯಿಡುವ ಕಾಲ ಅದು. ಹತ್ತಿರದಲ್ಲೇ ಕಾವಲಿರುತ್ತದೆ.

ಯಾವುದೇ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಉಂಗುರ, ಗಡಿಯಾರ ತೆಗೆಯಿರಿ. ಕಚ್ಚಿದ ಕೈಕಾಲು ಅಲ್ಲಾಡದಂತೆ ಕೋಲು ಇಟ್ಟು ಸಡಿಲವಾಗಿ ಕಟ್ಟಿ, ಕಚ್ಚಿಸಿಕೊಂಡವರನ್ನು ನಡೆಸದೆ ಹೊತ್ತು ತನ್ನಿ. ನೆಟ್‌ವರ್ಕ್ ಸಿಕ್ಕ ಕೂಡಲೇ 108ಕ್ಕೆ ಕರೆ ಮಾಡಿ. ನಮ್ಮಲ್ಲಿ ಸಿಗುವ ವಿಷಹಾರಿ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಕಾಳಿಂಗಕ್ಕಾಗಲಿ ಪಿಟ್ ವೈಪರ್‌ಗಾಗಲಿ ಮಾಡಿದ್ದಲ್ಲ. ಹಾಗಂತ ಆಸ್ಪತ್ರೆಗೆ ತಡಮಾಡಬಾರದು, ಉಸಿರಾಟಕ್ಕೆ, ಊತಕ್ಕೆ, ರಕ್ತಸ್ರಾವಕ್ಕೆ ಚಿಕಿತ್ಸೆ ಅಲ್ಲಿಯೇ ಸಿಗುವುದು. ಹಾವು ಹಿಡಿದು ತರುವ ಸಾಹಸ ಬೇಡ.

ಕಾಟಿಯ ಹಸಿ ಸಗಣಿ ಕಂಡರೆ ಮಾತು ನಿಲ್ಲಿಸಿ ಕಿವಿಗೊಡಿ. ಮೂಗಿನಿಂದ ಬುಸ್ ಅನ್ನುವ ಸದ್ದು ಎಚ್ಚರಿಕೆ. ಒಂಟಿ ಗಂಡು ಎದುರಾದರೆ ಕಾಡು ಅದರದ್ದು ಅಂತ ದಾರಿ ಬಿಡಿ. ಬಂಡೆಯ ಕೆಳಗೆ ಹೆಜ್ಜೇನು ನೇತಾಡುತ್ತಿದ್ದರೆ ಹೊಗೆ, ಸೆಂಟು, ಕೂಗಾಟ ಯಾವುದೂ ಬೇಡ. ಎದ್ದರೆ ಮುಖ ಮುಚ್ಚಿ ಓಡುವುದೊಂದೇ ದಾರಿ, ನಿಂತು ಕೈ ಬೀಸಬೇಡಿ.

ಗಿಡಗಳಲ್ಲಿ ಎರಡನ್ನು ಗೈಡ್ ಹತ್ತಿರ ಕೇಳಿ ಗುರುತು ಮಾಡಿಕೊಳ್ಳಿ. ತುರಚೆ ಸೊಪ್ಪು ತಾಗಿದರೆ ಉರಿ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಚೇರು ಮರ ಹಾಗಲ್ಲ. ಅದರ ಹಾಲು ಒಣಗಿ ಕಾಂಡದ ಮೇಲೆ ಕಪ್ಪು ಗೆರೆ ಇಳಿದಿರುತ್ತದೆ. ತಾಗಿದ ಜಾಗ ಬೊಬ್ಬೆ ಏಳುತ್ತದೆ, ಕೆಲವರಿಗೆ ಮುಖವೆಲ್ಲ ಬಾಯುತ್ತದೆ. ಕಪ್ಪು ಗೆರೆಯ ಮರಕ್ಕೆ ಕೈ ಊರಬೇಡಿ, ಮಳೆ ಬಂದಾಗ ಅದರ ಕೆಳಗೆ ನಿಲ್ಲಬೇಡಿ.

## 8. ಹನ್ನೊಂದರಿಂದ ಒಂದೂವರೆ: ನೀರು, ನೋಡಲು ಮಾತ್ರ

ಕಾಡು ನೋಡಿಯಾದ ಮೇಲೆ ಒಂದೇ ಒಂದು ಜಲಪಾತ ಆರಿಸಿ. ಮಕ್ಕಳು, ಹಿರಿಯರು ಇದ್ದರೆ ಜೋಗಿಗುಂಡಿ, ಊರಿಗೆ ಹತ್ತಿರ. ಬರ್ಕಣ ನೋಡುವುದಾದರೆ ದಿನದ ಲೆಕ್ಕ ಬದಲಾಗುತ್ತದೆ: ಅದೇ ದಾರಿಯಲ್ಲಿ ಬೆಳಗಿನ ನಡಿಗೆಯನ್ನೂ ಮಾಡಿ, ಬೇರೆ ಯಾವುದನ್ನೂ ಸೇರಿಸಬೇಡಿ. ಸೀತಾ ನದಿ ಅಲ್ಲಿ ಸುಮಾರು 850 ಅಡಿ ಬೀಳುತ್ತದೆ, ನೋಡುವುದು ಎದುರಿನ ಅಂಚಿನಿಂದ. ಒನಕೆ ಅಬ್ಬಿಯಲ್ಲಿ ನೀವು ನಿಲ್ಲುವುದು ನೀರು ಬೀಳುವ ತಲೆಯ ಕಡೆ. ಇಂಥ ಕಡೆ ಅಂಚಿನಿಂದ ಮೂರು ಮಾರು ಹಿಂದೆಯೇ ನಿಲ್ಲಿ. ಒಣಗಿದ ಹಾಗೆ ಕಾಣುವ ಕಪ್ಪು ಬಂಡೆಯ ಮೇಲೂ ಪಾಚಿ ಇರುತ್ತದೆ. ಸೆಲ್ಫಿಗೆ ಹಿಂದೆ ಹಿಂದೆ ಹೆಜ್ಜೆ ಇಡುವುದಂತೂ ಬೇಡವೇ ಬೇಡ.

ಜೋಗಿಗುಂಡಿಯಲ್ಲಿ ನೀರು ತಿಳಿಯಾಗಿ ಕಾಣುತ್ತದೆ, ಆಳ ತಿಳಿಯುವುದಿಲ್ಲ. ಇಳಿಯಬೇಡಿ.

ಹಳ್ಳ ದಾಟುವಾಗ ಈ ಲಕ್ಷಣಗಳನ್ನು ನೋಡಿ. ತಿಳಿಯಾಗಿದ್ದ ನೀರು ಕೆಂಪಗಾಗುವುದು. ತರಗೆಲೆ, ಕಡ್ಡಿ ಒಮ್ಮೆಲೇ ಜಾಸ್ತಿ ತೇಲಿಬರುವುದು. ನೀರಿನ ಸದ್ದು ದಪ್ಪವಾಗುವುದು. ಆಗ ಕಾಣುತ್ತಿದ್ದ ಕಲ್ಲು ಈಗ ಕಾಣದಿರುವುದು. ಇವುಗಳಲ್ಲಿ ಒಂದು ಕಂಡರೂ ನೀರಿನಿಂದ ಮೇಲೆ ಹತ್ತಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಹೊಯ್ದಿರುತ್ತದೆ. ಆಚೆ ದಡದಲ್ಲಿ ಸಿಕ್ಕಿಕೊಂಡರೆ ನೀರು ಇಳಿಯುವ ತನಕ ಅಲ್ಲೇ ಕಾಯಿರಿ. ನಾಲ್ಕು ಗಂಟೆ ತಡವಾದರೂ ಪರವಾಗಿಲ್ಲ. ಅವಸರದಲ್ಲಿ ದಾಟಲು ಹೋದಾಗಲೇ ಜೀವ ಹೋಗುವುದು.

## 9. ಎರಡೂವರೆಗೆ ಕಾಡಿನಿಂದ ಹೊರಗೆ

ಇದರಲ್ಲಿ ರಿಯಾಯಿತಿ ಇಲ್ಲ. ಘಟ್ಟದ ಕಾಡಿನಲ್ಲಿ ಕತ್ತಲೆ ಊರಿಗಿಂತ ಮೊದಲು ಬರುತ್ತದೆ. ಮೋಡ ಕವಿದರೆ ನಾಲ್ಕಕ್ಕೇ ದಾರಿ ಮಸುಕು. ಗುಡುಗು ಕೇಳಿದರೆ ಬೋಳು ಬಂಡೆ, ಒಂಟಿಮರ ಎರಡನ್ನೂ ಬಿಟ್ಟು ಇಳಿಯಿರಿ. ದಾರಿ ತಪ್ಪಿದೆ ಅನ್ನಿಸಿದರೆ ಮುಂದೆ ಹೋಗಿ ಹುಡುಕಬೇಡಿ. ನಿಂತು, ಕೊನೆಯದಾಗಿ ಗುರುತು ಸಿಕ್ಕ ಜಾಗಕ್ಕೆ ಹಿಂದಿರುಗಿ. ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ, ಇಲ್ಲಿನ ಹಳ್ಳಗಳು ಪ್ರಪಾತಕ್ಕೆ ಹೋಗಿ ಬೀಳುತ್ತವೆ.

ಹೊರಗೆ ಬಂದ ಕೂಡಲೇ ಶೂ ಬಿಚ್ಚಿ, ಶೂವಿನ ನಾಲಿಗೆಯ ಕೆಳಗೆ ನೋಡಿ. ಉಂಬಳ ಬಚ್ಚಿಟ್ಟುಕೊಳ್ಳುವ ಜಾಗ ಅದು. ಗಾಡಿ ಹತ್ತುವ ಮುಂಚೆಯೇ ಬಟ್ಟೆ ಬದಲಿಸಿ, ಕಾಡಿನ ಬಟ್ಟೆಯನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಒಬ್ಬರ ಕತ್ತಿನ ಹಿಂಭಾಗ, ಕಿವಿಯ ಹಿಂದೆ ಇನ್ನೊಬ್ಬರು ನೋಡಿ.

## 10. ಸಂಜೆ: ಘಾಟಿ ಮತ್ತು ಸೂರ್ಯಾಸ್ತ

ಇದನ್ನು ಕೊನೆಗೆ ಇಟ್ಟಿದ್ದು ಬೇಕೆಂದೇ. ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಆಸುಪಾಸು. ಐದಕ್ಕೇ ಹೋಗಿ, ಆಗಲಾದರೂ ಕೆಳಗಿನ ಕಾಡು ಮತ್ತು ಕರಾವಳಿಯ ಬಯಲು ಕಾಣುತ್ತದೆ. ಆಕಾಶ ತಿಳಿಯಾಗಿದ್ದ ದಿನ ಪಶ್ಚಿಮದಲ್ಲಿ ಸಮುದ್ರವೂ ಕಾಣುವುದುಂಟು. ಕೆಳಗಿನಿಂದ ಮಂಜು ಏರತೊಡಗಿದರೆ ಕಾಯಬೇಡಿ, ಅವತ್ತಿಗೆ ತೆರೆಯುವುದಿಲ್ಲ.

ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ತಿರುವಿನಲ್ಲಿ ಗಾಡಿ ನಿಲ್ಲಿಸಬೇಡಿ. ಇಳಿಯುವಾಗ ಬ್ರೇಕ್ ಮೇಲೇ ಕಾಲಿಡದೆ ಸಣ್ಣ ಗೇರಿನಲ್ಲಿ ಇಳಿಸಿ, ಏರುವ ಗಾಡಿಗೆ ದಾರಿ ಬಿಡಿ. ಮಂಜಿದ್ದರೆ ಡಿಪ್ ಲೈಟು ಹಾಕಿ, ಫುಲ್ ಲೈಟು ಹಾಕಿದರೆ ಬಿಳಿ ಗೋಡೆ ಮಾತ್ರ ಕಾಣುತ್ತದೆ. ಮಂಗಗಳಿಗೆ ಬಾಳೆಹಣ್ಣು, ಬಿಸ್ಕತ್ತು ಎಸೆಯಬೇಡಿ. ತಿಂಡಿಯ ಆಸೆಗೆ ಅವು ರಸ್ತೆಗೆ ಇಳಿಯುತ್ತವೆ, ಚಕ್ರಕ್ಕೆ ಸಿಕ್ಕಿ ಸಾಯುತ್ತವೆ. ಸಿಂಗಳೀಕ ಪ್ರಪಂಚದಲ್ಲಿ ಇರುವುದು ಪಶ್ಚಿಮಘಟ್ಟದಲ್ಲಿ ಮಾತ್ರ. ಅದಕ್ಕೆ ಭಿಕ್ಷೆ ಬೇಡುವುದನ್ನು ಕಲಿಸುವುದು ಪ್ರೀತಿಯಲ್ಲ.

## 11. ಮನೆಗೆ ಬಂದ ಮೇಲೆ ಹತ್ತು ದಿನ

ಅವತ್ತೇ ರಾತ್ರಿ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಮೊಣಕಾಲಿನ ಹಿಂದೆ, ಹೊಕ್ಕಳು, ಕೂದಲ ಬುಡ, ಎಲ್ಲ ಕಡೆ ಕೈಯಾಡಿಸಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಿಂದ ಕುಟ್ಟಬೇಡಿ, ಎಣ್ಣೆ ಸುರಿಯಬೇಡಿ, ಬೀಡಿ ತಾಗಿಸಬೇಡಿ. ಜಾಗವನ್ನು ಸೋಪಿನಿಂದ ತೊಳೆಯಿರಿ. ಕಾಡಿನ ಬಟ್ಟೆಯನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆಯಿರಿ.

ಮಂಗನ ಕಾಯಿಲೆ ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಒಮ್ಮೆಲೇ ಜೋರು ಜ್ವರ, ಚಳಿ, ತಲೆ ಸಿಡಿಯುವಂಥ ನೋವು, ಸೊಂಟ ಮತ್ತು ಕೈಕಾಲಿನ ಸೆಳೆತ, ಆಮೇಲೆ ವಾಂತಿ. ಮೂಗಿನಿಂದಲೋ ವಸಡಿನಿಂದಲೋ ರಕ್ತ ಬಂದರೆ ಒಂದು ಗಂಟೆಯೂ ಕಾಯಬಾರದು. ಇದಕ್ಕೆ ನೇರವಾದ ಔಷಧಿ ಇಲ್ಲ, ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆಯುವುದೇ ಚಿಕಿತ್ಸೆ. ಜ್ವರ ಬಂದರೆ ಮನೆಯಲ್ಲೇ ಮಾತ್ರೆ ನುಂಗಿ ಮಲಗಬೇಡಿ. ಬೆಂಗಳೂರಿನಲ್ಲೋ ದಾವಣಗೆರೆಯಲ್ಲೋ ಇರುವ ವೈದ್ಯರು ಮೊದಲು ಡೆಂಗಿ ಅಂದುಕೊಳ್ಳುವುದು ಸಹಜ. "ಇಂಥ ತಾರೀಕು ತೀರ್ಥಹಳ್ಳಿ ಕಡೆ ಕಾಡಿಗೆ ಹೋಗಿದ್ದೆ, ಉಣುಗು ಕಚ್ಚಿರಬಹುದು" ಅಂತ ನೀವೇ ಮೊದಲು ಹೇಳಿ. ಜೊತೆಗೆ ಬಂದವರಿಗೂ ಫೋನ್ ಮಾಡಿ, ಅವರಿಗೆ ಜ್ವರ ಇದೆಯಾ ಕೇಳಿ.